ಕ್ವೀನ್ಸ್‌ನಲ್ಲಿರುವ ಅಮ್ಮನ ಪೌರತ್ವ: ಉಚಿತ ನೆರವು ಎಲ್ಲಿ, ಯಾರನ್ನು ನಂಬುವುದು?

ಪ್ರಶ್ನೆ: ನಾವು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿದ್ದೇವೆ. ನಾನು ಅಮೆರಿಕದ ಪ್ರಜೆ. ನಾನೇ ಅರ್ಜಿ ಹಾಕಿ ಅಮ್ಮನನ್ನು ಕರೆಸಿಕೊಂಡೆ. 2019ರ ಮಾರ್ಚ್‌ನಲ್ಲಿ ಅವರಿಗೆ ಗ್ರೀನ್ ಕಾರ್ಡ್ ಬಂತು. ಈಗ ಅವರಿಗೆ 67 ವರ್ಷ, ನಮ್ಮ ಜೊತೆಯೇ ಇದ್ದಾರೆ. ಅಜ್ಜಿಗೆ ಹುಷಾರಿಲ್ಲದೆ 2023ರ ಜೂನ್ 5ರಂದು ಶಿವಮೊಗ್ಗಕ್ಕೆ ಹೋದವರು ವಾಪಸ್ ಬಂದಿದ್ದು 2024ರ ಜನವರಿ 12ಕ್ಕೆ. ಈಗ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿದ್ದೇವೆ. ಒಬ್ಬ ವಕೀಲರು 2,500 ಡಾಲರ್ ಕೇಳಿದರು. ನಮ್ಮ ಬೀದಿಯಲ್ಲೇ ‘ಟ್ಯಾಕ್ಸ್, ನೋಟರಿ, ಇಮಿಗ್ರೇಷನ್’ ಎಂದು ಬೋರ್ಡ್ ಹಾಕಿಕೊಂಡವರು 400 ಡಾಲರ್‌ಗೆ ಎಲ್ಲ ಮಾಡಿಕೊಡುತ್ತೇನೆ, ಏಳು ತಿಂಗಳ ವಿಷಯ ಬರೆಯುವುದೇ ಬೇಡ ಎಂದರು. ಉಚಿತವಾಗಿ ಮಾಡಿಕೊಡುವವರು ಇದ್ದಾರಂತೆ, ನಿಜವೇ? ಅಮ್ಮನಿಗೆ ವಯಸ್ಸಾಗಿದೆ, ಪರೀಕ್ಷೆಯನ್ನು ಕನ್ನಡದಲ್ಲೇ ಕೊಡಬಹುದಲ್ಲವೇ?

ಉತ್ತರ: ಉಚಿತ ನೆರವು ಇರುವುದು ನಿಜ. ಅಮೆರಿಕದ ಬೇರೆ ಹೆಚ್ಚಿನ ಊರುಗಳಿಗಿಂತ ನ್ಯೂಯಾರ್ಕ್‌ನಲ್ಲಿ ಅದು ಹೆಚ್ಚೇ ಸಿಗುತ್ತದೆ. ಆದರೆ ಅರ್ಜಿ ತುಂಬಿಕೊಡುವವರನ್ನು ಹುಡುಕುವುದು ಎರಡನೆಯ ಕೆಲಸ. ಈ ಅರ್ಜಿಯನ್ನು ಈಗ ಕಳಿಸಬಹುದೇ, ಕಾಯಬೇಕೇ ಎಂದು ಹೇಳುವ ಅಧಿಕಾರ ಇರುವವರನ್ನು ಮೊದಲು ಹುಡುಕಬೇಕು. ನಿಮ್ಮ ತಾಯಿಯ ವಿಷಯದಲ್ಲಿ ಇಡೀ ಪ್ರಕರಣ ಆ ಏಳು ತಿಂಗಳ ಮೇಲೆ ನಿಂತಿದೆ. ಅದನ್ನು ಬರೆಯುವುದೇ ಬೇಡ ಎಂದವರ ಅಂಗಡಿಗೆ ದಯವಿಟ್ಟು ಮತ್ತೆ ಹೋಗಬೇಡಿ. ವಿಮಾನ ನಿಲ್ದಾಣದಲ್ಲಿ ಹೋಗಿಬಂದದ್ದರ ದಾಖಲೆ ಸರ್ಕಾರದ ಬಳಿ ಇರುತ್ತದೆ. ಸಂದರ್ಶನದ ದಿನ ಅಧಿಕಾರಿ ಅದನ್ನು ಮುಂದಿಟ್ಟುಕೊಂಡೇ ಕೂತಿರುತ್ತಾರೆ. ಏಳು ತಿಂಗಳು ಊರಲ್ಲಿದ್ದದ್ದಕ್ಕೆ ವಿವರಣೆ ಕೊಡಬಹುದು, ಪ್ರಮಾಣ ಮಾಡಿ ಅದನ್ನು ಮುಚ್ಚಿಟ್ಟರೆ ಕೊಡಲು ಏನೂ ಉಳಿಯುವುದಿಲ್ಲ. ಹಾಗೆ ಪಡೆದ ಪೌರತ್ವವನ್ನು ವರ್ಷಗಳ ನಂತರವೂ ಕಿತ್ತುಕೊಳ್ಳಲು ಕಾನೂನಿನಲ್ಲಿ ದಾರಿಯಿದೆ.

ಆ ಬೋರ್ಡಿನಲ್ಲಿರುವ ‘ನೋಟರಿ’ ಎಂಬ ಪದ ನಮ್ಮವರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ನೋಟರಿ ಎಂದರೆ ವಕೀಲರು, ಅದೂ ಸಾಕಷ್ಟು ವರ್ಷ ಕೋರ್ಟಿನಲ್ಲಿ ಪಳಗಿದವರು. ನ್ಯೂಯಾರ್ಕ್‌ನಲ್ಲಿ ನೋಟರಿ ಪಬ್ಲಿಕ್ ಎಂದರೆ ಒಂದು ಸಣ್ಣ ಪರೀಕ್ಷೆ ಬರೆದು ಸಹಿಗೆ ಸಾಕ್ಷಿ ಹಾಕುವ ಹಕ್ಕು ಪಡೆದವರು, ಅಷ್ಟೇ. ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡುವ ಅಧಿಕಾರ ಇರುವುದು ಮುಖ್ಯವಾಗಿ ಎರಡು ಬಗೆಯವರಿಗೆ. ಒಂದು, ಅಮೆರಿಕದ ಯಾವುದೇ ರಾಜ್ಯದಲ್ಲಿ ಸನ್ನದು ಇರುವ ವಕೀಲರು. ಇಮಿಗ್ರೇಷನ್ ಫೆಡರಲ್ ಕಾನೂನು, ಹಾಗಾಗಿ ನ್ಯೂಜೆರ್ಸಿಯ ವಕೀಲರಾದರೂ ನಡೆಯುತ್ತದೆ. ಎರಡು, ‘ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್’ ಎನ್ನುವವರು. ಇವರು ವಕೀಲರಲ್ಲ, ಆದರೆ ಅಮೆರಿಕದ ನ್ಯಾಯ ಇಲಾಖೆಯ ಮಾನ್ಯತೆ ಪಡೆದು, ಅದೇ ಇಲಾಖೆ ಮಾನ್ಯ ಮಾಡಿದ ಲಾಭರಹಿತ ಸಂಸ್ಥೆಯೊಂದರಲ್ಲಿ ಕೆಲಸ ಮಾಡುವವರು. ಪೌರತ್ವದ ಅರ್ಜಿಗಳನ್ನೇ ದಿನವಿಡೀ ನೋಡುವವರಾದ್ದರಿಂದ, ಮಾಮೂಲಿ ಪ್ರಕರಣದಲ್ಲಿ ಇವರ ಕೈಹಿಡಿತ ಎಷ್ಟೋ ವಕೀಲರಿಗಿಂತ ಚೆನ್ನಾಗಿರುತ್ತದೆ.

ಪರಿಶೀಲಿಸುವುದು ಐದು ನಿಮಿಷದ ಕೆಲಸ. ವಕೀಲರಾದರೆ ನ್ಯೂಯಾರ್ಕ್ ರಾಜ್ಯ ನ್ಯಾಯಾಲಯಗಳ ಜಾಲತಾಣದ ‘ಅಟಾರ್ನಿ ಸರ್ಚ್’ನಲ್ಲಿ ಹೆಸರು ಹಾಕಿ ನೋಡಿ, ಸನ್ನದು ಬೇರೆ ರಾಜ್ಯದ್ದಾದರೆ ಆ ರಾಜ್ಯದ ಪಟ್ಟಿಯಲ್ಲಿ. ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್ ಆದರೆ ನ್ಯಾಯ ಇಲಾಖೆಯ ಜಾಲತಾಣದಲ್ಲಿ ರಾಜ್ಯ, ಊರುವಾರು ಪಟ್ಟಿ ಇದೆ. ಸಂಸ್ಥೆ ಮತ್ತು ವ್ಯಕ್ತಿ ಎರಡೂ ಹೆಸರು ಅದರಲ್ಲಿ ಇರಬೇಕು, ಮಾನ್ಯತೆಯ ಅವಧಿ ಮುಗಿದಿರಬಾರದು. ದೇವಸ್ಥಾನದ ನೋಟಿಸ್ ಬೋರ್ಡಿನಲ್ಲೋ ಸಂಘದ ವಾಟ್ಸಾಪ್ ಗುಂಪಿನಲ್ಲೋ ಹೆಸರು ಬಂದಿದೆ ಅಂದಮಾತ್ರಕ್ಕೆ ಅಧಿಕಾರ ಬಂದಂತಲ್ಲ.

ಇದಕ್ಕಿಂತ ಸುಲಭದ ಇನ್ನೊಂದು ಪರೀಕ್ಷೆಯಿದೆ. ಪೌರತ್ವದ ಅರ್ಜಿ ಎನ್-400ರ ಕೊನೆಯಲ್ಲಿ ಅರ್ಜಿ ಸಿದ್ಧಪಡಿಸಿದವರು ತಮ್ಮ ಹೆಸರು, ವಿಳಾಸ ಬರೆದು ಸಹಿ ಹಾಕುವ ಭಾಗವಿದೆ. ‘ಇಲ್ಲಿ ನೀವು ಸಹಿ ಹಾಕುತ್ತೀರಲ್ಲವೇ?’ ಎಂದು ಕೇಳಿ. ದುಡ್ಡು ತೆಗೆದುಕೊಂಡು, ‘ಅದು ಬೇಡ, ನೀವೇ ತುಂಬಿದ ಹಾಗೆ ಕಳಿಸೋಣ’ ಎಂದರೆ ಎದ್ದು ಬನ್ನಿ. ಮಗಳಾಗಿ ನೀವೇ ತಾಯಿಯ ಅರ್ಜಿ ತುಂಬಬಹುದು, ಅದರಲ್ಲಿ ತಪ್ಪೇನೂ ಇಲ್ಲ. ಆಗ ಆ ಜಾಗದಲ್ಲಿ ನಿಮ್ಮ ಸಹಿ ಬೀಳಬೇಕು. ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿದ್ದರೆ ದುಭಾಷಿಯ ಭಾಗದಲ್ಲೂ ಸಹಿ ಮಾಡಬೇಕು.

ಇನ್ನು ಎಲ್ಲಿಗೆ ಫೋನ್ ಮಾಡುವುದು. ನಗರದ ವಲಸಿಗರ ವ್ಯವಹಾರಗಳ ಕಚೇರಿಯ ಕಾನೂನು ನೆರವಿನ ಹಾಟ್‌ಲೈನ್ 800-354-0365. ನಂಬರ್ ನೆನಪಿಲ್ಲದಿದ್ದರೆ ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ‘ಇಮಿಗ್ರೇಷನ್ ಲೀಗಲ್’ ಎಂದರೂ ದಾರಿ ಸಿಗುತ್ತದೆ. ರಾಜ್ಯ ಸರ್ಕಾರದ ‘ಆಫೀಸ್ ಫಾರ್ ನ್ಯೂ ಅಮೆರಿಕನ್ಸ್’ ಹಾಟ್‌ಲೈನ್ 1-800-566-7636. ಮೂರನೆಯದು, ನಿಮ್ಮಂಥ ಪ್ರಕರಣಕ್ಕೆ ಹೇಳಿಮಾಡಿಸಿದ್ದು, ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್ ನಡೆಸುವ ‘ಕ್ಯೂನಿ ಸಿಟಿಜನ್‌ಶಿಪ್ ನೌ’. 1997ರಿಂದ ನಡೆಯುತ್ತಿರುವ ಈ ಕಾರ್ಯಕ್ರಮದಲ್ಲಿ ವಕೀಲರು ಮತ್ತು ಅಕ್ರೆಡಿಟೆಡ್ ರೆಪ್ರೆಸೆಂಟೇಟಿವ್‌ಗಳೇ ಉಚಿತವಾಗಿ ಕೂತು ನೋಡುತ್ತಾರೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ನಿಮ್ಮ ಭಾಗದ ಸಿಟಿ ಕೌನ್ಸಿಲ್ ಸದಸ್ಯರ ಕಚೇರಿಗೂ ಒಂದು ಕರೆ ಮಾಡಿ: ಅಲ್ಲಿ ಉಚಿತ ವಲಸೆ ಸಲಹೆಯ ದಿನ ಇದೆಯೇ ಎಂದು ಕೇಳಿ. ಎಷ್ಟೋ ಕಚೇರಿಗಳಲ್ಲಿ ಇರುತ್ತದೆ, ಕೇಳುವವರೇ ಕಡಿಮೆ. ಕ್ಯಾಥೊಲಿಕ್ ಚಾರಿಟೀಸ್, ನ್ಯೂಯಾರ್ಕ್ ಲೀಗಲ್ ಅಸಿಸ್ಟೆನ್ಸ್ ಗ್ರೂಪ್, ಲೀಗಲ್ ಏಡ್ ಸೊಸೈಟಿ ಇವೂ ದೊಡ್ಡ ಸಂಸ್ಥೆಗಳೇ. ಇವುಗಳ ನೆರವಿಗೆ ಆದಾಯದ ಮಿತಿ ಇರಬಹುದು, ಫೋನಿನಲ್ಲೇ ಕೇಳಿಕೊಂಡುಬಿಡಿ.

ಅಮ್ಮನೇ ಮಾತಾಡುವುದಾದರೆ ಕನ್ನಡ ದುಭಾಷಿಯನ್ನು ಕೇಳಿ. 2017ರ ‘ಲೋಕಲ್ ಲಾ 30’ರ ಪ್ರಕಾರ ನಗರದ ಇಲಾಖೆಗಳು ಫೋನ್ ಮೂಲಕ ಕನಿಷ್ಠ 100 ಭಾಷೆಗಳಲ್ಲಿ ದುಭಾಷಿ ಸೇವೆ ಒದಗಿಸಬೇಕು. ಕರಪತ್ರ, ಫಾರ್ಮುಗಳನ್ನು ಅನುವಾದಿಸಲು ಆರಿಸಿಕೊಂಡ ಹತ್ತು ಭಾಷೆಗಳಲ್ಲಿ ಬಂಗಾಳಿ, ಉರ್ದು ಇವೆ, ಕನ್ನಡ ಇಲ್ಲ. ಹಾಗಾಗಿ ಕಾಗದ ಕನ್ನಡದಲ್ಲಿ ಸಿಗುವುದಿಲ್ಲ, ಬಾಯಿಮಾತಿಗೆ ದುಭಾಷಿ ಸಿಗುತ್ತಾರೆ. ಇಲ್ಲೊಂದು ಎಡವಟ್ಟು ಸಾಮಾನ್ಯ: ‘ಕನ್ನಡ’ ಎಂದರೆ ಆ ಕಡೆಯವರಿಗೆ ‘ಕೆನಡಾ’ ಎಂದು ಕೇಳಿಸಿ, ಇಂಗ್ಲಿಷೋ ಫ್ರೆಂಚೋ ಎಂದು ಕೇಳುತ್ತಾರೆ. ‘ಇಂಡಿಯನ್’ ಎಂದರೆ ಹಿಂದಿಯವರಿಗೆ ಜೋಡಿಸಿಬಿಡುತ್ತಾರೆ. ದಕ್ಷಿಣ ಭಾರತದ ಭಾಷೆ, ಕೆ-ಎ-ಎನ್-ಎನ್-ಎ-ಡಿ-ಎ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿ.

ಫೋನಿನಲ್ಲಿ ‘ಪೌರತ್ವಕ್ಕೆ ಸಹಾಯ ಬೇಕು’ ಎಂದಷ್ಟೇ ಹೇಳಿದರೆ ಸಾಮಾನ್ಯ ಕಾರ್ಯಾಗಾರವೊಂದಕ್ಕೆ ಹೆಸರು ಬರೆದುಕೊಳ್ಳುತ್ತಾರೆ. ಅಂಥ ಶಿಬಿರಗಳಲ್ಲಿ ಸ್ವಯಂಸೇವಕರು ಒಂದೇ ದಿನ ಬಹಳ ಜನರ ಅರ್ಜಿ ತುಂಬಿಸುತ್ತಾರೆ. ಬಾಗಿಲಲ್ಲೇ ಒಂದು ತಪಾಸಣೆ ಇರುತ್ತದೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರು, ಎಂದಾದರೂ ಬಂಧನವಾದವರು, ತೆರಿಗೆ ಬಾಕಿ ಇರುವವರನ್ನು ಅಲ್ಲಿಂದಲೇ ‘ವಕೀಲರನ್ನು ನೋಡಿ’ ಎಂದು ವಾಪಸ್ ಕಳಿಸುತ್ತಾರೆ. ನಿಮ್ಮ ಒಂದು ಶನಿವಾರ ಹಾಳು. ಆದ್ದರಿಂದ ಮೊದಲ ವಾಕ್ಯದಲ್ಲೇ ಹೇಳಿ: ಎನ್-400, 67 ವರ್ಷ, 2019ರ ಗ್ರೀನ್ ಕಾರ್ಡ್, ಒಂದು ಪ್ರವಾಸ 221 ದಿನ, ವಕೀಲರೊಂದಿಗೆ ಖಾಸಗಿ ಭೇಟಿ ಬೇಕು.

ಉಚಿತ ಎಂದರೆ ಎಷ್ಟು ಉಚಿತ ಎನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ಬರೀ ಸಲಹೆ ಕೊಟ್ಟು ಕಳಿಸುವುದು ಒಂದು ಬಗೆ. ಅರ್ಜಿ ಸಿದ್ಧಪಡಿಸಿ ಕೈಗೆ ಕೊಟ್ಟು, ಮುಂದಿನದು ನಿಮ್ಮದು ಎನ್ನುವುದು ಇನ್ನೊಂದು. ಪ್ರಕರಣವನ್ನೇ ವಹಿಸಿಕೊಂಡು ಸಂದರ್ಶನಕ್ಕೆ ಜೊತೆ ಬರುವುದು ಮೂರನೆಯದು. ಮೂರನೆಯದಾದರೆ ಅವರು ಜಿ-28 ಎಂಬ ಫಾರ್ಮಿಗೆ ಸಹಿ ಹಾಕುತ್ತಾರೆ, ಆಮೇಲೆ ಸರ್ಕಾರದ ಪತ್ರಗಳು ಅವರಿಗೂ ಹೋಗುತ್ತವೆ. ಜಿ-28 ಇಲ್ಲದಿದ್ದರೆ ಅವರು ನಿಮ್ಮ ವಕೀಲರಲ್ಲ, ಬಂದ ನೋಟಿಸಿಗೆ ಗಡುವಿನೊಳಗೆ ಉತ್ತರಿಸುವ ಹೊಣೆ ನಿಮ್ಮದೇ. ನಿಮ್ಮ ತಾಯಿಗೆ ಮೂರನೆಯದೇ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎರಡನೆಯದೂ ಸಾಕು, ಆದರೆ ಏಳು ತಿಂಗಳ ವಿವರಣೆಯ ಪತ್ರವನ್ನು ಅವರೇ ನೋಡಿ ಸರಿ ಎಂದಿರಬೇಕು.

ಈಗ ಆ ಏಳು ತಿಂಗಳಿಗೆ ಬರೋಣ. ಪೌರತ್ವಕ್ಕೆ ಎರಡು ಬೇರೆ ಬೇರೆ ಲೆಕ್ಕಗಳಿವೆ, ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಮೊದಲನೆಯದು ದೈಹಿಕವಾಗಿ ಅಮೆರಿಕದಲ್ಲಿ ಇದ್ದ ದಿನಗಳು: ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು, ಅಂದರೆ 913 ದಿನ. ಹೊರಟ ದಿನ, ಬಂದ ದಿನ ಎರಡೂ ಅಮೆರಿಕದಲ್ಲಿದ್ದ ದಿನಗಳೆಂದೇ ಲೆಕ್ಕ. ಬೇರೆ ದೊಡ್ಡ ಪ್ರವಾಸ ಇಲ್ಲದಿದ್ದರೆ ನಿಮ್ಮ ತಾಯಿ ಇದನ್ನು ಸಲೀಸಾಗಿ ದಾಟುತ್ತಾರೆ. ಎರಡನೆಯದು ವಾಸದ ನಿರಂತರತೆ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು, ಒಂದು ವರ್ಷದೊಳಗೆ ಹೊರಗಿದ್ದರೆ ನಿರಂತರತೆ ಕಡಿದಿದೆ ಎಂದು ಕಾನೂನು ಊಹಿಸುತ್ತದೆ. ಊಹೆ ಎಂಬ ಮಾತು ಇಲ್ಲಿ ಮುಖ್ಯ. ಒಂದು ವರ್ಷ ದಾಟಿದ್ದರೆ ನಿರಂತರತೆ ಕಡಿದೇ ಹೋಗುತ್ತಿತ್ತು. ಏಳು ತಿಂಗಳಾದ್ದರಿಂದ ಸಾಕ್ಷ್ಯ ಕೊಟ್ಟು ಆ ಊಹೆಯನ್ನು ತಳ್ಳಿಹಾಕಲು ಅವಕಾಶವಿದೆ.

ಅಧಿಕಾರಿ ನೋಡುವುದು: ಇಲ್ಲಿನ ಕೆಲಸ ಬಿಟ್ಟರೇ, ಹತ್ತಿರದ ಕುಟುಂಬ ಇಲ್ಲೇ ಇತ್ತೇ, ಇಲ್ಲಿನ ಮನೆ ಅವರ ಪಾಲಿಗೆ ತೆರೆದೇ ಇತ್ತೇ, ಅಲ್ಲಿ ಕೆಲಸಕ್ಕೆ ಸೇರಿದರೇ. ನಿಮ್ಮ ತಾಯಿಗೆ ಕೆಲಸದ ಪ್ರಶ್ನೆ ಬರುವುದಿಲ್ಲ, ಉಳಿದವುಗಳಿಗೆ ಉತ್ತರ ಚೆನ್ನಾಗಿಯೇ ಇದೆ. ಮಾತಿಗೆ ಕಾಗದದ ಆಸರೆ ಬೇಕು. ಎಲ್ಲಕ್ಕಿಂತ ಬೆಲೆಬಾಳುವುದು ಹೋಗುವಾಗ ಬುಕ್ ಮಾಡಿದ್ದ ಮೂಲ ಟಿಕೆಟ್. ವಾಪಸ್ ಬರುವ ದಿನ ಸೆಪ್ಟೆಂಬರಿನಲ್ಲಿ ಇದ್ದು, ಅಜ್ಜಿಯ ಪರಿಸ್ಥಿತಿಯಿಂದ ಮುಂದಕ್ಕೆ ಹಾಕಿದ್ದರೆ, ವಿಮಾನ ಕಂಪನಿಯ ಆ ಹಳೆಯ ಇಮೇಲ್ ಹತ್ತು ಪುಟದ ವಿವರಣೆಗಿಂತ ಗಟ್ಟಿ. ಜೊತೆಗೆ ಅಜ್ಜಿಯ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಆ ತಿಂಗಳುಗಳಲ್ಲೂ ಜೀವಂತವಾಗಿದ್ದ ಇಲ್ಲಿನ ಬ್ಯಾಂಕ್ ಖಾತೆ, ಆರೋಗ್ಯ ವಿಮೆಯ ಪತ್ರಗಳು, ಇಲ್ಲಿನ ವೈದ್ಯರ ಬಳಿ ಮುಂದೂಡಿದ ಭೇಟಿಯ ದಾಖಲೆ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು. ಅನುವಾದ ಪೂರ್ಣವೂ ಸರಿಯೂ ಆಗಿದೆ, ಎರಡೂ ಭಾಷೆ ನನಗೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಿ ಬರೆದುಕೊಡಬೇಕು. ಇದಕ್ಕೆ ನೋಟರಿ ಬೇಡ, ಮನೆಯವರಿಗಿಂತ ಪರಿಚಯದ ಬೇರೆಯವರು ಮಾಡಿಕೊಟ್ಟರೆ ಮೇಲು.

ಸಾಕ್ಷ್ಯ ತೆಳುವಾಗಿದ್ದರೆ ಕಾಯುವುದೂ ಒಂದು ದಾರಿ. ವಾಪಸ್ ಬಂದ ದಿನದಿಂದ ನಾಲ್ಕೂವರೆ ವರ್ಷ, ಒಂದು ದಿನ ಕಳೆದ ಮೇಲೆ, ಅಂದರೆ 2028ರ ಜುಲೈ ಮಧ್ಯದ ನಂತರ, ಐದು ವರ್ಷಗಳ ಲೆಕ್ಕದೊಳಗೆ ಆ ಪ್ರವಾಸದ ಆರು ತಿಂಗಳಿಗಿಂತ ಕಡಿಮೆ ಭಾಗವಷ್ಟೇ ಬೀಳುತ್ತದೆ. ಊಹೆಯ ಸಮಸ್ಯೆಯೇ ಇರುವುದಿಲ್ಲ. ಅಷ್ಟರೊಳಗೆ ಮತ್ತೆ ದೀರ್ಘ ಪ್ರವಾಸ ಮಾಡಬಾರದು. ಈಗಲೇ ಹಾಕುವುದೋ ಕಾಯುವುದೋ ಎಂಬ ತೀರ್ಮಾನ ಕಾಗದ ನೋಡಿದ ವಕೀಲರದ್ದಾಗಲಿ. ಈ ಎಚ್ಚರಿಕೆಗೆ ಕಾರಣವಿದೆ. 2025ರ ಫೆಬ್ರವರಿಯ ನೀತಿಯ ಪ್ರಕಾರ, ಅರ್ಜಿ ತಿರಸ್ಕರಿಸುವಾಗ ಆ ವ್ಯಕ್ತಿಯನ್ನು ದೇಶದಿಂದ ಹೊರಹಾಕಲು ಕಾರಣವಿದೆ ಎಂದು ಕಂಡರೆ ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸನ್ನು ಕೊಡಬಹುದು. ಬರೀ ನಿರಂತರತೆಯ ಕೊರತೆ ಅಂಥ ಕಾರಣವಲ್ಲ. ಆದರೆ ಇಲ್ಲಿನ ವಾಸವನ್ನೇ ಬಿಟ್ಟುಕೊಟ್ಟಿದ್ದರು ಎಂಬ ಅನುಮಾನ ಬರುವಂತೆ ಪದೇ ಪದೇ ದೀರ್ಘ ಪ್ರವಾಸ ಮಾಡಿದವರಿಗೆ, ಹಳೆಯ ಬಂಧನ ಇರುವವರಿಗೆ, ಪ್ರಜೆಯಲ್ಲದೆಯೂ ಇಲ್ಲಿ ಮತದಾರರಾಗಿ ನೋಂದಾಯಿಸಿಕೊಂಡವರಿಗೆ ಅಪಾಯ ನಿಜವಾದದ್ದು. ಮೋಟಾರು ವಾಹನ ಇಲಾಖೆಯ ಕೌಂಟರಿನಲ್ಲಿ ಐಡಿ ಮಾಡಿಸುವಾಗ ಅರ್ಥವಾಗದೆ ಮತದಾರರ ನೋಂದಣಿಯ ಚೌಕಕ್ಕೆ ಗುರುತು ಹಾಕಿಬಿಟ್ಟವರು ಇದ್ದಾರೆ. ಅಮ್ಮನನ್ನು ಈ ಬಗ್ಗೆ ಕೇಳಿ. ಊರಿನ ವೋಟರ್ ಐಡಿ ಕಾರ್ಡಿನ ಮಾತಲ್ಲ ಇದು.

ಭೇಟಿಗೆ ಹೋಗುವಾಗ ತೆಗೆದುಕೊಂಡು ಹೋಗಬೇಕಾದ್ದು: ಗ್ರೀನ್ ಕಾರ್ಡ್, ಈಗಿನ ಮತ್ತು ಹಳೆಯ ಪಾಸ್‌ಪೋರ್ಟ್‌ಗಳು, ಐದು ವರ್ಷದ ವಿಳಾಸಗಳು ತಿಂಗಳ ಸಮೇತ, ಮದುವೆ ಮತ್ತು ಮಕ್ಕಳ ವಿವರ, ತೆರಿಗೆ ದಾಖಲೆ, ಯಾವುದಾದರೂ ಸರ್ಕಾರಿ ಸವಲತ್ತು ಇದ್ದರೆ ಅದರ ಪತ್ರ. ಎಂದಾದರೂ ಬಂಧನವಾಗಿದ್ದರೆ, ಪ್ರಕರಣ ವಜಾ ಆಗಿದ್ದರೂ, ಅದು ಹೇಗೆ ಮುಗಿಯಿತು ಎಂದು ತೋರಿಸುವ ‘ಸರ್ಟಿಫಿಕೇಟ್ ಆಫ್ ಡಿಸ್ಪೊಸಿಷನ್’ ಅನ್ನು ಕೋರ್ಟಿನಿಂದ ತರಬೇಕು.

ಪ್ರವಾಸದ ಪಟ್ಟಿ ಮಾಡುವಾಗ ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದುಕೊಂಡು ಕೂತುಕೊಳ್ಳಿ. ಗ್ರೀನ್ ಕಾರ್ಡ್ ಇರುವವರಿಗೆ ಅಮೆರಿಕದಲ್ಲಿ ಎಷ್ಟೋ ಸಲ ಮುದ್ರೆಯನ್ನೇ ಒತ್ತುವುದಿಲ್ಲ, ಹಾಗಾಗಿ ಬೆಂಗಳೂರಿನ ಆಗಮನ, ನಿರ್ಗಮನದ ಮುದ್ರೆಗಳೇ ಆಧಾರ. ಬೆಂಗಳೂರಿಗೆ ಇಳಿದ ದಿನಕ್ಕೂ ನ್ಯೂಯಾರ್ಕಿನಿಂದ ಹೊರಟ ದಿನಕ್ಕೂ ಒಂದೆರಡು ದಿನ ವ್ಯತ್ಯಾಸ ಇರುತ್ತದೆ. ಅರ್ಜಿಗೆ ಬೇಕಾದ್ದು ಅಮೆರಿಕ ಬಿಟ್ಟ ದಿನ ಮತ್ತು ಅಮೆರಿಕಕ್ಕೆ ಕಾಲಿಟ್ಟ ದಿನ. ಇನ್ನೊಂದು, ನಮ್ಮ ಕೈಗೆ ದಿನ ಮೊದಲು, ತಿಂಗಳು ಆಮೇಲೆ ಬರೆದು ಅಭ್ಯಾಸ. 05/06/2023 ಎಂದು ಬರೆದರೆ ಅಮೆರಿಕದ ಅಧಿಕಾರಿ ಅದನ್ನು ಮೇ 6 ಎಂದು ಓದುತ್ತಾರೆ. ನಿಮ್ಮ 221 ದಿನ ಅಲ್ಲೇ 251 ಆಗುತ್ತದೆ, ಮೇಲಾಗಿ ಸರ್ಕಾರದ ದಾಖಲೆಗೆ ತಾಳೆಯಾಗುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ಮನೆತನದ ಹೆಸರಿಲ್ಲದೆ ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ ನಮ್ಮ ಹಿರಿಯರ ಗ್ರೀನ್ ಕಾರ್ಡಿನಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬಿದ್ದಿರುತ್ತದೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ. ನಿಮ್ಮ ತಾಯಿಯದೂ ಹಾಗಿದ್ದರೆ ಎನ್-400ರಲ್ಲೇ ಹೆಸರು ಬದಲಾವಣೆ ಕೇಳಬಹುದು, ಅದಕ್ಕೆ ಬೇರೆ ಶುಲ್ಕವಿಲ್ಲ. ಆಗ ಪ್ರಮಾಣವಚನ ನ್ಯಾಯಾಧೀಶರ ಮುಂದೆ ನಡೆಯಬೇಕು. ಈ ಚೌಕವನ್ನು ಖಾಲಿ ಬಿಟ್ಟು, ಆಮೇಲೆ ಪ್ರತ್ಯೇಕವಾಗಿ ಕೋರ್ಟಿಗೆ ದುಡ್ಡು ಕಟ್ಟಿ ಹೆಸರು ಸರಿಪಡಿಸಿಕೊಳ್ಳುವ ಪಾಡು ಯಾರಿಗೂ ಬೇಡ.

ವಕೀಲರು ಉಚಿತವಾದರೂ ಸರ್ಕಾರದ ಶುಲ್ಕ ಇದ್ದೇ ಇದೆ. 2024ರ ಏಪ್ರಿಲ್ 1ರಿಂದ ಎನ್-400ಕ್ಕೆ ಆನ್‌ಲೈನ್‌ನಲ್ಲಿ 710 ಡಾಲರ್, ಕಾಗದದಲ್ಲಿ 760 ಡಾಲರ್. ಕುಟುಂಬದ ಆದಾಯ ಫೆಡರಲ್ ಬಡತನ ರೇಖೆಯ ಶೇ 400ರ ಒಳಗಿದ್ದರೆ 380 ಡಾಲರ್. ಶೇ 400 ಎಂದರೆ ಎಷ್ಟು ಎಂದು ಹೆಚ್ಚಿನವರು ಲೆಕ್ಕವನ್ನೇ ಹಾಕುವುದಿಲ್ಲ. 2025ರ ಪಟ್ಟಿಯಂತೆ ನಾಲ್ಕು ಜನರ ಕುಟುಂಬಕ್ಕೆ ಅದು 1,28,600 ಡಾಲರ್, ಐದು ಜನರಿಗೆ 1,50,600. ‘ಬಡವರಿಗೆ ಇರುವ ರಿಯಾಯಿತಿ, ನಮಗಲ್ಲ’ ಎಂದುಕೊಂಡು ಪೂರ್ತಿ ಶುಲ್ಕ ಕಟ್ಟಿದ ಮಧ್ಯಮ ವರ್ಗದ ಮನೆಗಳು ಎಷ್ಟೋ. ಪಟ್ಟಿ ಪ್ರತಿ ವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ವರ್ಷದ್ದನ್ನು ನೋಡಿ.

ಪೂರ್ಣ ಮನ್ನಾ ಬೇಕಿದ್ದರೆ ಐ-912 ಫಾರ್ಮ್. ಮೆಡಿಕೇಯ್ಡ್ (ಸರ್ಕಾರಿ ಆರೋಗ್ಯ ವಿಮೆ), ಸ್ನ್ಯಾಪ್ (ಆಹಾರ ನೆರವು), ಎಸ್‌ಎಸ್‌ಐನಂಥ (ವೃದ್ಧರು, ಅಂಗವಿಕಲರಿಗೆ ಮಾಸಿಕ ನೆರವು) ಆದಾಯ ನೋಡಿ ಕೊಡುವ ಸವಲತ್ತು ಪಡೆಯುತ್ತಿದ್ದರೆ, ಅಥವಾ ಆದಾಯ ಬಡತನ ರೇಖೆಯ ಶೇ 150ರೊಳಗಿದ್ದರೆ, ಅಥವಾ ದಿಢೀರ್ ಆಸ್ಪತ್ರೆ ಖರ್ಚಿನಂಥ ಕಷ್ಟ ಬಂದಿದ್ದರೆ ಕೇಳಬಹುದು. ಒಬ್ಬರೇ ಇದ್ದರೆ ಶೇ 150 ಎಂದರೆ 2025ರ ಲೆಕ್ಕದಲ್ಲಿ 23,475 ಡಾಲರ್. ಆದರೆ ನಿಮ್ಮ ತೆರಿಗೆ ಲೆಕ್ಕದಲ್ಲಿ ಅಮ್ಮನನ್ನು ಅವಲಂಬಿತರೆಂದು ತೋರಿಸಿದ್ದರೆ ನಿಮ್ಮ ಮನೆಯ ಆದಾಯವೇ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಮೆಡಿಕೇಯ್ಡ್ ಇದ್ದರೆ ಆ ದಾರಿಯೇ ನೇರ. ಮನ್ನಾ ಅರ್ಜಿಗಳು ವಾಪಸ್ ಬರಲು ಮಾಮೂಲಿ ಕಾರಣ, ಬರೀ ಮೆಡಿಕೇಯ್ಡ್ ಕಾರ್ಡಿನ ಜೆರಾಕ್ಸ್ ಲಗತ್ತಿಸುವುದು. ಬೇಕಾದ್ದು ಪತ್ರ: ಅದರಲ್ಲಿ ಅಮ್ಮನ ಹೆಸರು, ಕೊಡುವ ಇಲಾಖೆಯ ಹೆಸರು, ಸವಲತ್ತಿನ ಹೆಸರು, ಈಗಲೂ ಚಾಲ್ತಿಯಲ್ಲಿದೆ ಎಂದು ತೋರಿಸುವ ದಿನಾಂಕ, ನಾಲ್ಕೂ ಇರಬೇಕು. ಸವಲತ್ತು ಪಡೆದರೆ ಪೌರತ್ವ ಸಿಗುವುದಿಲ್ಲ ಎಂಬ ಭಯ ಬೇಡ, ‘ಪಬ್ಲಿಕ್ ಚಾರ್ಜ್’ ಪರೀಕ್ಷೆ, ಅಂದರೆ ಈ ವ್ಯಕ್ತಿ ಸರ್ಕಾರಕ್ಕೆ ಹೊರೆಯಾಗುತ್ತಾರೆಯೇ ಎಂದು ನೋಡುವುದು, ಪೌರತ್ವದ ಅರ್ಜಿಗೆ ಅನ್ವಯಿಸುವುದಿಲ್ಲ. ಆದರೆ ಅವರನ್ನು ಕರೆಸಿಕೊಳ್ಳುವಾಗ ನೀವು ಜೀವನಾಂಶದ ಮುಚ್ಚಳಿಕೆಗೆ, ಅಂದರೆ ಐ-864ಕ್ಕೆ ಸಹಿ ಹಾಕಿದ್ದೀರಿ. ಅದರ ಹೊಣೆ ಇನ್ನೂ ನಿಮ್ಮ ಮೇಲಿದೆಯೇ ಎಂದು ಅದೇ ಭೇಟಿಯಲ್ಲಿ ಕೇಳಿಕೊಳ್ಳಿ.

ಕಾಗದದ ಅರ್ಜಿಗೆ ಚೆಕ್, ಮನಿ ಆರ್ಡರ್ ಈಗ ನಡೆಯುವುದಿಲ್ಲ. 2025ರ ಅಕ್ಟೋಬರ್ 28ರಿಂದ ಕಾರ್ಡಿನಿಂದ ಕಟ್ಟಲು ಜಿ-1450, ಬ್ಯಾಂಕ್ ಖಾತೆಯಿಂದ ಕಟ್ಟಲು ಜಿ-1650 ಫಾರ್ಮನ್ನು ಅರ್ಜಿಯ ಜೊತೆ ಇಡಬೇಕು. ಖಾತೆಯಲ್ಲಿ ಹಣ ಸಾಲದೆ ಪಾವತಿ ಬಿದ್ದುಹೋದರೆ ಅರ್ಜಿಯನ್ನೇ ವಾಪಸ್ ಕಳಿಸಬಹುದು. ಎಲ್ಲ ಫಾರ್ಮುಗಳೂ ಪೌರತ್ವದ ಅರ್ಜಿ ನೋಡುವ ಸರ್ಕಾರಿ ಇಲಾಖೆ ಯುಎಸ್‌ಸಿಐಎಸ್‌ನ ‘ಡಾಟ್ ಗವ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಫಾರ್ಮಿಗೇ ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಪರೀಕ್ಷೆಯ ವಿಷಯದಲ್ಲಿ ನಿಮಗೆ ಬೇಸರದ ಉತ್ತರವನ್ನೇ ಕೊಡಬೇಕಾಗಿದೆ. ವಯಸ್ಸೊಂದರಿಂದ ಇಂಗ್ಲಿಷಿನ ವಿನಾಯಿತಿ ಸಿಗುವುದಿಲ್ಲ, ಗ್ರೀನ್ ಕಾರ್ಡಿನ ವರ್ಷಗಳೂ ಸೇರಬೇಕು. 50 ದಾಟಿ 20 ವರ್ಷ ಕಾರ್ಡ್ ಇದ್ದವರು, 55 ದಾಟಿ 15 ವರ್ಷ ಇದ್ದವರು ತಮ್ಮ ಭಾಷೆಯಲ್ಲಿ, ದುಭಾಷಿಯೊಂದಿಗೆ ಪರೀಕ್ಷೆ ಕೊಡಬಹುದು. 65 ದಾಟಿ 20 ವರ್ಷ ಇದ್ದವರಿಗೆ ಪ್ರಶ್ನೆಗಳೂ ಕಡಿಮೆ. 2019ರ ಕಾರ್ಡಿಗೆ ಇದಾವುದೂ ಅನ್ವಯಿಸುವುದಿಲ್ಲ. ಅಮ್ಮ ಇಂಗ್ಲಿಷಿನಲ್ಲೇ ಮಾತಾಡಬೇಕು, ಮೂರು ವಾಕ್ಯದಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಬರೆಯಬೇಕು. 2025ರ ಅಕ್ಟೋಬರ್ 20 ಮತ್ತು ಅದರ ನಂತರ ಅರ್ಜಿ ಹಾಕಿದವರಿಗೆ ನಾಗರಿಕ ಜ್ಞಾನದ ಹೊಸ ಪರೀಕ್ಷೆ: 128 ಪ್ರಶ್ನೆಗಳಿಂದ 20 ಕೇಳುತ್ತಾರೆ, 12 ಸರಿಯಾಗಬೇಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ, 9 ತಪ್ಪಾದರೂ ನಿಲ್ಲಿಸುತ್ತಾರೆ. ಹಳೆಯ 100 ಪ್ರಶ್ನೆಗಳ ಪುಸ್ತಕ, ವಿಡಿಯೊ ಇನ್ನೂ ಎಲ್ಲೆಡೆ ಓಡಾಡುತ್ತಿವೆ, ಅವನ್ನು ಬಾಯಿಪಾಠ ಮಾಡಿಸಬೇಡಿ. ಮೊದಲ ಸಲ ತಪ್ಪಿದರೆ 60ರಿಂದ 90 ದಿನದೊಳಗೆ, ತಪ್ಪಿದ ಭಾಗಕ್ಕೆ ಮಾತ್ರ, ಇನ್ನೊಂದು ಅವಕಾಶವಿದೆ.

ನಿಜವಾಗಿ ಕಷ್ಟ ಕೊಡುವುದು ಈ ಪ್ರಶ್ನೆಗಳಲ್ಲ. ಅರ್ಜಿಯಲ್ಲಿನ ಪ್ರಶ್ನೆಗಳನ್ನೇ ಅಧಿಕಾರಿ ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ, ಅಲ್ಲಿ ಹಿರಿಯರು ತಡವರಿಸುತ್ತಾರೆ. ಯಾವ ಪ್ರಶ್ನೆಗೆ ‘ನೋ’, ಯಾವುದಕ್ಕೆ ‘ಯೆಸ್’ ಎಂದು ಕಲಿಸಿ ಕಳಿಸಿದರೆ, ‘ಓತ್ ಅಂದರೇನು?’ ಎಂದು ಮರುಪ್ರಶ್ನೆ ಬಂದಾಗ ಬಾಯಿ ಕಟ್ಟುತ್ತದೆ. ಓತ್ ಎಂದರೆ ನಿಜ ಹೇಳುತ್ತೇನೆಂಬ ಮಾತು ಎಂದು ಸರಳ ಇಂಗ್ಲಿಷಿನಲ್ಲಿ ತಾವೇ ಹೇಳುವಂತೆ ಅಭ್ಯಾಸ ಮಾಡಿಸಿ. ದಿನಕ್ಕೆ ಎರಡೇ ಪದ ಸಾಕು. ಕ್ವೀನ್ಸ್ ಪಬ್ಲಿಕ್ ಲೈಬ್ರರಿ ಇಂಗ್ಲಿಷ್ ಮತ್ತು ಪೌರತ್ವದ ತರಗತಿಗಳನ್ನು ಉಚಿತವಾಗಿ ನಡೆಸುತ್ತದೆ. 2025ರಲ್ಲಿ ಪೌರತ್ವ ತರಗತಿಗಳ ಫೆಡರಲ್ ಅನುದಾನ ನಿಂತುಹೋಗಿ ದೇಶದ ಹಲವೆಡೆ ತರಗತಿಗಳು ತೆಳುವಾದವು. ಹೊಸ ತಂಡ ಯಾವಾಗ ಶುರು ಎಂದು ಹತ್ತಿರದ ಶಾಖೆಯಲ್ಲಿ ಈಗಲೇ ವಿಚಾರಿಸಿ. ಅರ್ಜಿಗೆ ಮುಂಚೆಯೇ ತರಗತಿ ಶುರುವಾಗಲಿ.

ಮರೆವಿನ ಕಾಯಿಲೆ, ಪಾರ್ಶ್ವವಾಯುವಿನ ಪರಿಣಾಮದಂಥದ್ದು ಇದ್ದು ಕಲಿಯುವುದೇ ಸಾಧ್ಯವಿಲ್ಲ ಎಂದಾದರೆ ಎನ್-648 ಎಂಬ ವೈದ್ಯಕೀಯ ವಿನಾಯಿತಿ ಇದೆ. ವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ತುಂಬಬೇಕು, ಆ ಕಾಯಿಲೆ ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂದು ಬಿಡಿಸಿ ಬರೆಯಬೇಕು. ವಯಸ್ಸಾಗಿದೆ, ಓದುಬರಹ ಬರುವುದಿಲ್ಲ, ಮಂಡಿನೋವು ಎಂಬ ಕಾರಣಗಳಿಗೆ ಇದು ಸಿಗುವುದಿಲ್ಲ.

ಹೆಚ್ಚಿನ ಮನೆಗಳಲ್ಲಿ ಯಾರಿಗೂ ಹೊಳೆಯದ ಒಂದು ಸಂಗತಿ ತೆರಿಗೆ. ಅಮ್ಮನಿಗೆ ಊರಲ್ಲಿ ಅಪ್ಪನ ಕುಟುಂಬ ಪಿಂಚಣಿ, ಬ್ಯಾಂಕ್ ಠೇವಣಿಯ ಬಡ್ಡಿ, ಮನೆ ಬಾಡಿಗೆ ಬರುತ್ತಿದೆಯೇ? ಗ್ರೀನ್ ಕಾರ್ಡ್ ಇರುವವರು ಲೋಕದ ಯಾವ ಮೂಲೆಯ ಆದಾಯವನ್ನಾದರೂ ಅಮೆರಿಕದ ತೆರಿಗೆ ಲೆಕ್ಕಕ್ಕೆ ತರಬೇಕು. ಊರಿನ ಖಾತೆಗಳಲ್ಲಿ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ‘ಎಫ್‌ಬಿಎಆರ್’ ಎಂಬ ಪ್ರತ್ಯೇಕ ವರದಿಯನ್ನೂ ಸಲ್ಲಿಸಬೇಕು. ಪೌರತ್ವದ ಅರ್ಜಿಯಲ್ಲಿ ತೆರಿಗೆ ಬಾಕಿ, ಸಲ್ಲಿಸದ ರಿಟರ್ನ್ ಬಗ್ಗೆ ನೇರ ಪ್ರಶ್ನೆಗಳಿವೆ. ಬಿಟ್ಟುಹೋಗಿದ್ದರೆ ಅರ್ಜಿಗೆ ಮೊದಲು ಸರಿಪಡಿಸಿಕೊಳ್ಳಿ. ನಗರದ ಉಚಿತ ತೆರಿಗೆ ಕೇಂದ್ರಗಳು ಸರಳ ಲೆಕ್ಕಗಳಿಗೆ ಚೆನ್ನ, ವಿದೇಶಿ ಖಾತೆ ಇದ್ದರೆ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ.

ಬೋರ್ಡಿನ ಅಂಗಡಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ: ನ್ಯೂಯಾರ್ಕ್ ಕಾನೂನಿನ ಪ್ರಕಾರ ವಕೀಲರಲ್ಲದೆ ವಲಸೆ ಸೇವೆ ಮಾರುವವರು ಲಿಖಿತ ಒಪ್ಪಂದ ಕೊಡಬೇಕು, ಮೂರು ಕೆಲಸದ ದಿನಗಳೊಳಗೆ ನೀವು ಅದನ್ನು ರದ್ದುಮಾಡಬಹುದು. ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಕೊಡದಿದ್ದರೆ 311ರ ಮೂಲಕ ಗ್ರಾಹಕ ಮತ್ತು ಕಾರ್ಮಿಕ ರಕ್ಷಣಾ ಇಲಾಖೆಗೆ ದೂರು ಕೊಡಿ. ರಸೀದಿ ಇಲ್ಲವೆಂದು ಸುಮ್ಮನಿರಬೇಡಿ, ಫೋನಿನ ಮೆಸೇಜುಗಳೂ ಸಾಕ್ಷ್ಯವೇ.

ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ವಲಸೆ ನ್ಯಾಯಾಲಯದ ನೋಟಿಸ್ ಇದ್ದರೆ ನಿಮ್ಮ ದಾರಿಯೇ ಬೇರೆ. ಆ ನ್ಯಾಯಾಲಯದಲ್ಲಿ ವಕೀಲರನ್ನಿಟ್ಟುಕೊಳ್ಳುವ ಹಕ್ಕಿದೆ, ಸರ್ಕಾರ ಖರ್ಚು ಕೊಡುವುದಿಲ್ಲ. ಬಂಧನದಲ್ಲಿರುವವರಿಗೆ ನ್ಯೂಯಾರ್ಕ್ ನಗರ 2013ರಲ್ಲಿ ಶುರುಮಾಡಿದ ‘ಇಮಿಗ್ರೆಂಟ್ ಫ್ಯಾಮಿಲಿ ಯೂನಿಟಿ ಪ್ರಾಜೆಕ್ಟ್’ ಉಚಿತ ವಕೀಲರನ್ನು ಕೊಡುತ್ತದೆ. 2025ರಿಂದ ವಿಚಾರಣೆಗೆ ಬಂದವರನ್ನು ನ್ಯಾಯಾಲಯದ ಕಾರಿಡಾರಿನಲ್ಲೇ ಬಂಧಿಸಿರುವುದರಿಂದ ಭಯ ಸಹಜ. ಹಾಗಂತ ಹೋಗದೇ ಇದ್ದರೆ ಗೈರುಹಾಜರಿಯಲ್ಲೇ ಗಡೀಪಾರು ಆದೇಶವಾಗಬಹುದು. ವಿಚಾರಣೆಯ ದಿನ ಬರುವ ಮುನ್ನವೇ ಮೇಲಿನ ಎರಡು ಹಾಟ್‌ಲೈನ್‌ಗಳಲ್ಲಿ ಒಂದಕ್ಕೆ ಕರೆ ಮಾಡಿ.

ಕೊನೆಯದಾಗಿ, ಅರ್ಜಿಗೆ ಸಹಿ ಹಾಕುವ ಮೊದಲು ಅಮ್ಮನ ಜೊತೆ ಕೂತು ಮಾತಾಡಬೇಕಾದ ವಿಷಯ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪ್ರಮಾಣವಚನದ ದಿನವೇ ಅವರ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ, ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು, ಅದು ಬರುವವರೆಗೆ ಊರಿಗೆ ಹೋಗಲು ವೀಸಾ ಬೇಕಾಗುತ್ತದೆ. ಒಸಿಐ ಇದ್ದವರಿಗೆ ಅಲ್ಲಿ ಮತದಾನವಿಲ್ಲ. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಭಾರತದಲ್ಲಿ ವಾಸವಿದ್ದಾಗ ಕೊಂಡದ್ದನ್ನೂ ಪಿತ್ರಾರ್ಜಿತವಾಗಿ ಬಂದದ್ದನ್ನೂ ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪ್ರಜೆಗೇ ಮಾರಬೇಕು. ಅಮ್ಮನ ಹೆಸರಿನಲ್ಲಿ ಅಡಿಕೆ ತೋಟವಿದ್ದು ಅಣ್ಣತಮ್ಮಂದಿರೊಡನೆ ಪಾಲು, ಖಾತೆ ಬದಲಾವಣೆ ಬಾಕಿ ಇದ್ದರೆ, ಅವರು ಭಾರತದ ಪ್ರಜೆಯಾಗಿರುವಾಗಲೇ ಆ ಕಾಗದಗಳನ್ನು ಮುಗಿಸಿಕೊಳ್ಳುವುದು ಸುಲಭ. ಅದಕ್ಕಾಗಿ ಊರಿಗೆ ಹೋಗಬೇಕಾಗಿ ಬಂದರೆ, ಈ ಸಲ ಐದು ತಿಂಗಳೊಳಗೆ ವಾಪಸ್ ಬರುವ ಟಿಕೆಟ್ಟನ್ನೇ ಮಾಡಿಸಿ.